ಸಾವಿನ ಹೆದರಿಕೆ ಯಾರಿಗೆ ಜಾಸ್ತಿ?

ನಾಸ್ತಿಕನ ಜಂಭವೆಲ್ಲ ಮೈಯಲ್ಲಿ ಕಸುವಿರೋ ತನಕ, ಐಸಿಯುನಲ್ಲಿ ಮಲಗಿದರೆ ಅವನೂ ನಾರಾಯಣ ಅಂತಾನೆ. ಈ ಮಾತು ಬಂದಾಗಲೆಲ್ಲ ಸುತ್ತ ಇದ್ದವರು ತಲೆಯಾಡಿಸುತ್ತಾರೆ. ನನಗೆ ರೇಗುತ್ತದೆ. ನಿಜವೋ ಸುಳ್ಳೋ ನೋಡಿಯೇ ಬಿಡಬಹುದಲ್ವಾ?

1776ರಲ್ಲಿ ಒಬ್ಬ ನೋಡಲು ಹೋಗಿದ್ದ. ಜುಲೈ 7, ಭಾನುವಾರ. ಎಡಿನ್‌ಬರೋದಲ್ಲಿ ನಾಸ್ತಿಕನೆಂದೇ ಹೆಸರಾಗಿದ್ದ ತತ್ವಜ್ಞಾನಿ ಡೇವಿಡ್ ಹ್ಯೂಮ್ ಹೊಟ್ಟೆಯ ಕಾಯಿಲೆಯಿಂದ ಸಾಯುತ್ತಿದ್ದ. ಅವನ ಪರಿಚಯದ ಲೇಖಕ ಜೇಮ್ಸ್ ಬಾಸ್ವೆಲ್‌ಗೆ ಆವತ್ತು ಚರ್ಚಿಗೆ ಹೊತ್ತು ಮೀರಿತ್ತು. ಸೀದಾ ಹ್ಯೂಮ್ ಮನೆಗೆ ಹೋದ. ಈಗಲಾದರೂ ಈ ಮನುಷ್ಯ ಮೆತ್ತಗಾಗಿದ್ದಾನಾ ಅಂತ ಕುತೂಹಲ. ಹ್ಯೂಮ್ ಸೊರಗಿಹೋಗಿದ್ದ. ಬೂದು ಬಣ್ಣದ ಸೂಟು, ಬಿಳಿ ಲೋಹದ ಗುಂಡಿಗಳು, ಮುಂದೊಂದು ಪುಸ್ತಕ. ಸತ್ತ ಮೇಲೂ ಬದುಕು ಇರಬಹುದಲ್ಲ ಎಂದು ಬಾಸ್ವೆಲ್ ಕೇಳಿದ. ಬೆಂಕಿಗೆ ಹಾಕಿದ ಕಲ್ಲಿದ್ದಲು ಉರಿಯದೇ ಇರಬಹುದು, ಅದೂ ಸಾಧ್ಯ ತಾನೇ ಎಂದ ಹ್ಯೂಮ್. ಇಲ್ಲವಾಗಿಬಿಡುವ ಯೋಚನೆ ಕಾಡುವುದಿಲ್ಲವಾ? ಒಂಚೂರೂ ಇಲ್ಲ. ಹುಟ್ಟುವ ಮೊದಲು ನಾನು ಇರಲಿಲ್ಲ ಅನ್ನೋದು ಕಾಡದಿದ್ದರೆ ಇದ್ಯಾಕೆ ಕಾಡಬೇಕು? ಕಂಗಾಲಾಗಿ ಹೊರಟವನು ನೋಡಲು ಬಂದಿದ್ದ ಬಾಸ್ವೆಲ್. ಹ್ಯೂಮ್ ಆಗಸ್ಟ್ 25ರಂದು ನೆಮ್ಮದಿಯಾಗಿಯೇ ತೀರಿಕೊಂಡ.

ಈ ನೆಮ್ಮದಿಯ ಬಗ್ಗೆ ಗೆಳೆಯ, ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ ಒಂದು ಪತ್ರ ಪ್ರಕಟಿಸಿದ. ತಾನು ಬ್ರಿಟನ್ನಿನ ಇಡೀ ವ್ಯಾಪಾರ ವ್ಯವಸ್ಥೆಯನ್ನು ಜಾಡಿಸಿದ್ದಕ್ಕೆ ಬಿದ್ದಿದ್ದಕ್ಕಿಂತ ಹತ್ತು ಪಟ್ಟು ಬೈಗುಳ ಆ ಪತ್ರಕ್ಕೆ ಬಿತ್ತು ಎಂದು ಆಮೇಲೆ ಅವನೇ ಗೊಣಗಿದ್ದಾನೆ.

ಆದರೆ ಒಬ್ಬ ಹ್ಯೂಮ್‌ನಿಂದ ಏನೂ ಸಾಬೀತಾಗುವುದಿಲ್ಲ. 2017ರಲ್ಲಿ ಮನಶ್ಶಾಸ್ತ್ರಜ್ಞ ಜೊನಾಥನ್ ಜಾಂಗ್ ಮತ್ತು ಸಂಗಡಿಗರು 1961ರಿಂದ 2014ರವರೆಗಿನ ಸುಮಾರು ನೂರು ಅಧ್ಯಯನಗಳನ್ನು ಒಟ್ಟಿಗೆ ಹಾಕಿ ತೂಗಿದರು. ಅಷ್ಟೂ ಸೇರಿ ಸುಮಾರು 26,000 ಜನ. ಅರ್ಧಕ್ಕಿಂತ ಜಾಸ್ತಿ ಅಧ್ಯಯನಗಳಲ್ಲಿ ಭಕ್ತಿಗೂ ಸಾವಿನ ಭಯಕ್ಕೂ ಸಂಬಂಧವೇ ಕಾಣಲಿಲ್ಲ! ಕೆಲವು ಅಧ್ಯಯನಗಳಲ್ಲಿ ಮಾತ್ರ ಇನ್ನೊಂದು ಸಂಗತಿಯನ್ನು ನೋಡಲು ಬೇಕಾದ ಮಾಹಿತಿ ಇತ್ತು. ಅವುಗಳಲ್ಲಿ ಹೆಚ್ಚಿನವು ತೋರಿಸಿದ್ದು ಇದು: ಗಟ್ಟಿ ಭಕ್ತರಿಗೂ ಭಯ ಕಮ್ಮಿ, ಗಟ್ಟಿ ನಾಸ್ತಿಕರಿಗೂ ಕಮ್ಮಿ. ಜಾಸ್ತಿ ಹೆದರುವವರು ಎರಡರ ನಡುವೆ ನಿಂತವರು.

ಯಾಕೆ? ನನ್ನ ಗುಮಾನಿ ಅನಿಶ್ಚಿತತೆಯ ಮೇಲೆ. 2016ರಲ್ಲಿ ಲಂಡನ್ನಿನ ಯುನಿವರ್ಸಿಟಿ ಕಾಲೇಜಿನವರು 45 ಜನರಿಗೆ ಒಂದು ಕಂಪ್ಯೂಟರ್ ಆಟ ಕೊಟ್ಟರು. ಪರದೆಯ ಮೇಲೆ ಕಲ್ಲುಗಳು. ಅಡಿಯಲ್ಲಿ ಹಾವಿದೆಯಾ ಇಲ್ಲವಾ ಎಂದು ಊಹಿಸಬೇಕು. ಹಾವು ಕಂಡರೆ ಕೈಗೆ ಕರೆಂಟು ಹೊಡೆಯುತ್ತದೆ, ಊಹೆ ಸರಿಯಾಗಿದ್ದರೂ ಬಿಡುವುದಿಲ್ಲ. ಜನ ಎಷ್ಟು ಬೆವರುತ್ತಾರೆ, ಕಣ್ಣಪಾಪೆ ಎಷ್ಟು ಹಿಗ್ಗುತ್ತದೆ ಎಂದು ಅಳೆದರು. ಶಾಕ್ ಖಂಡಿತ ಎಂದು ಗೊತ್ತಿದ್ದಾಗ ಒತ್ತಡ ಕಮ್ಮಿಯೇ ಇತ್ತು. ಹೊಡೆದರೂ ಹೊಡೆಯಬಹುದು, ಬಿಟ್ಟರೂ ಬಿಡಬಹುದು ಅನ್ನೋ ಐವತ್ತು-ಐವತ್ತರಲ್ಲಿ ಎಲ್ಲಕ್ಕಿಂತ ಜಾಸ್ತಿ. ವೇಟಿಂಗ್ ಲಿಸ್ಟ್ ಟಿಕೆಟ್ ಹಿಡಿದವರ ಪಾಡು ಇದೇ. ಕನ್ಫರ್ಮ್ ಆದವರು ನಿದ್ದೆ ಮಾಡ್ತಾರೆ, ಕ್ಯಾನ್ಸಲ್ ಮಾಡಿದವರೂ ಮಾಡ್ತಾರೆ.

ಹಾವಿನ ಆಟ ಸಾವಲ್ಲ, ಒಪ್ಪುತ್ತೇನೆ. ಆದರೂ ನಡುವಿನವರ ಕಷ್ಟ ಯೋಚಿಸಿ. ಸ್ವರ್ಗದ ಭರವಸೆ ಪೂರ್ತಿ ಇಲ್ಲ, ನರಕದ ಅಳುಕು ಪೂರ್ತಿ ಹೋಗಿಲ್ಲ. ನಮ್ಮಲ್ಲಿ ಸಾವಿನ ಮನೆಯಲ್ಲಿ ವೈತರಣಿ ದಾಟಿಸಲು ಗೋದಾನ, ಹಸು ಇಲ್ಲದಿದ್ದರೆ ಅದರ ಬದಲು ದುಡ್ಡು. ನಂಬದ ಮಗನೂ ‘ಇದ್ದರೆ ಇರಲಿ’ ಅಂತ ಜೇಬಿಗೆ ಕೈಹಾಕುತ್ತಾನೆ. ಭಯದ ವ್ಯಾಪಾರ ನಡೆಯುವುದು ಇಂಥವರಿಂದಲೇ.

ಒಂದು ತಕರಾರು ಮಾತ್ರ ಉಳಿಯುತ್ತದೆ. ಜಾಂಗ್ ತೂಗಿದ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿ ಭಕ್ತಿ ಅಳೆಯಲು ಚರ್ಚಿಗೆ ಎಷ್ಟು ಸಲ ಹೋಗ್ತೀರಿ ಅಂತ ಕೇಳಿದರೆ ಸಾಕಾಗಬಹುದು. ವರ್ಷಕ್ಕೊಮ್ಮೆಯೂ ಗುಡಿಗೆ ಕಾಲಿಡದೆ, ಅಪ್ಪನ ತಿಥಿಯನ್ನು ಮಾತ್ರ ಒಂದು ಸಲವೂ ತಪ್ಪಿಸದ ನಮ್ಮವರನ್ನು ಆ ಅಳತೆಗೋಲಿನ ಯಾವ ಗೆರೆಯ ಮೇಲೆ ನಿಲ್ಲಿಸುತ್ತೀರಿ?