ಏಳಕ್ಕೆ ಹೊಗೆ, ಹತ್ತಕ್ಕೆ ಮಾಯ

ಡಿಸೆಂಬರಿನಲ್ಲಿ ಪೀಣ್ಯ ಕಡೆಯ ಒಂದು ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ನನಗೊಂದು ವಿಡಿಯೊ ಕಳಿಸಿದರು. ಪಕ್ಕದ ಕಾರ್ಖಾನೆಯ ತಾರಸಿ ಮೇಲಿಂದ ದಪ್ಪಗೆ ಬಿಳಿ ಹೊಗೆ ಏಳುತ್ತಿತ್ತು. "ಸಾರ್, ಬೆಳಗಿನ ಜಾವ ಕದ್ದು ಬಿಡ್ತಾರೆ, ಹತ್ತು ಗಂಟೆ ಹೊತ್ತಿಗೆ ನಿಲ್ಲಿಸಿಬಿಡ್ತಾರೆ" ಅಂತ ದೂರು. ಆ ಕಾರ್ಖಾನೆಯ ಕೂಲಿಂಗ್ ಟವರ್ ನೋಡಿಕೊಳ್ಳುವವನು ನಾನೇ. ಮರುದಿನ ಬೆಳಿಗ್ಗೆ ಆರೂವರೆಗೆ ಅವರನ್ನೇ ಮೇಲಕ್ಕೆ ಕರೆದುಕೊಂಡು ಹೋದೆ.

ಏಣಿ ಹತ್ತಿ ಫ್ಯಾನಿನ ಪಕ್ಕ ನಿಂತಿದ್ದೇ ತಡ, ಅವರ ಕನ್ನಡಕ ಮಂಜಾಯಿತು. ಕೈ ಚಾಚಿ ನೋಡಿ ಅಂದೆ. ಉಗುರುಬೆಚ್ಚಗಿನ ಗಾಳಿ, ಒದ್ದೆ ಅಂಗೈ, ಈಜುಕೊಳದ ಹತ್ತಿರ ಬರುತ್ತಲ್ಲ ಅಂಥ ಸ್ವಲ್ಪ ಕ್ಲೋರಿನ್ ವಾಸನೆ. ಮಸಿ ಇಲ್ಲ, ಕಣ್ಣುರಿ ಇಲ್ಲ. "ಇದು ಬಚ್ಚಲುಮನೆ ಹಬೆ ಥರಾನೇ ಇದೆಯಲ್ಲ?" ಅಂದರು. ಥರ ಏನು ಬಂತು, ಅದೇ.

ಟವರ್ ಮಾಡುವ ಕೆಲಸ ನಮ್ಮ ಮಣ್ಣಿನ ಹೂಜಿ ಮಾಡುವ ಕೆಲಸವೇ. ಮೆಷಿನ್ನುಗಳಿಂದ ಬಿಸಿಯಾಗಿ ಬಂದ ನೀರನ್ನು ಮೇಲಿಂದ ಚಿಮುಕಿಸುತ್ತೇವೆ, ಫ್ಯಾನು ಗಾಳಿಯನ್ನು ಮೇಲಕ್ಕೆ ಎಳೆಯುತ್ತದೆ, ಸ್ವಲ್ಪ ನೀರು ಆವಿಯಾಗಿ ಹೋಗುತ್ತಾ ಉಳಿದ ನೀರಿನ ಶಾಖವನ್ನೂ ಹೊತ್ತುಕೊಂಡು ಹೋಗುತ್ತದೆ. ಒಂದು ಲೀಟರ್ ಆವಿಯಾದರೆ ನೂರು ಲೀಟರ್ ನೀರು ಹೆಚ್ಚುಕಡಿಮೆ 6 ಡಿಗ್ರಿ ತಣ್ಣಗಾಗುತ್ತದೆ. ಥರ್ಮಲ್ ಪವರ್ ಸ್ಟೇಷನ್ನುಗಳಲ್ಲಿ ಕಾಣುವ, ಸೊಂಟ ಸಣ್ಣಗಿರುವ ಆ ದೈತ್ಯ ಟವರುಗಳದ್ದೂ ಇದೇ ಕೆಲಸ. ನೆದರ್ಲೆಂಡ್ಸಿನ ಇಬ್ಬರು ಎಂಜಿನಿಯರುಗಳು 1918ರ ಹೊತ್ತಿಗೆ ತಂದ ಆಕಾರ ಅದು. ಅಲ್ಲಿ ಫ್ಯಾನ್ ಬೇಕಿಲ್ಲ, ಬೆಚ್ಚಗಿನ ಗಾಳಿ ತಾನಾಗೇ ಮೇಲೇರುತ್ತದೆ. ವಾಯುಮಾಲಿನ್ಯದ ಸುದ್ದಿ ಬಂದಾಗಲೆಲ್ಲ ಟೀವಿಯವರು ಪಕ್ಕದ ಉದ್ದ ಚಿಮಣಿಯನ್ನು ಬಿಟ್ಟು ಈ ಪಾಪದ ಟವರನ್ನೇ ತೋರಿಸುತ್ತಾರೆ. ನಿಜವಾದ ಹೊಗೆ ಬರೋದು ಆ ಚಿಮಣಿಯಿಂದ.

ಆವಿ ಕಣ್ಣಿಗೆ ಕಾಣೋದೇ ಇಲ್ಲ. ಕುಕ್ಕರ್ ವಿಶಲ್ ಹೊಡೆಯುವಾಗ ಗಮನಿಸಿ, ತೂತಿಗೆ ಅಂಟಿದ ಹಾಗೆ ಒಂದಿಷ್ಟು ಜಾಗ ಖಾಲಿ ಇರುತ್ತದೆ, ಬಿಳಿ ಶುರುವಾಗೋದು ಅದರ ಮೇಲೆ. ಆ ಖಾಲಿ ಜಾಗದಲ್ಲಿರೋದು ಆವಿ. ಬಿಳಿಯಾಗಿ ಕಾಣೋದು ತಣ್ಣಗಾಗಿ ಮತ್ತೆ ನೀರಾದ ಸಣ್ಣ ಸಣ್ಣ ಹನಿ, ಅಂದರೆ ಮಂಜು.

ಈಗ ಲೆಕ್ಕ ನೋಡಿ. ಟವರಿನಿಂದ ಬರುವ ಗಾಳಿ 30 ಡಿಗ್ರಿ ಇದೆ, ಅದರ ಒಂದು ಘನ ಮೀಟರಿನಲ್ಲಿ ಸುಮಾರು 30 ಗ್ರಾಂ ಆವಿ, ಅದಕ್ಕಿಂತ ಜಾಸ್ತಿ ಹಿಡಿಯಲ್ಲ. ಹೊರಗೆ 14 ಡಿಗ್ರಿ ಚಳಿ, ಆ ಗಾಳಿಯಲ್ಲಿ 11–12 ಗ್ರಾಂ. ಎರಡೂ ಅರ್ಧರ್ಧ ಬೆರೆತರೆ 22 ಡಿಗ್ರಿಯ ಗಾಳಿ, ಅದರಲ್ಲಿ 21 ಗ್ರಾಂ ಆವಿ. ಆದರೆ 22 ಡಿಗ್ರಿಯ ಗಾಳಿಗೆ ಹಿಡಿಸೋದು 19 ಚಿಲ್ಲರೆ ಗ್ರಾಂ ಮಾತ್ರ. ಮಿಕ್ಕ ಒಂದೂವರೆ ಗ್ರಾಂ ಎಲ್ಲಿಗೆ ಹೋಗಬೇಕು? ಹನಿಯಾಗುತ್ತದೆ. ಆ ಒಂದೂವರೆ ಗ್ರಾಮೇ ನಮ್ಮ ಕಾರ್ಯದರ್ಶಿಗಳ ವಿಡಿಯೊ.

ಇನ್ನಷ್ಟು ಒಣಗಾಳಿ ಬೆರೆತಂತೆ ಹನಿಗಳು ಮತ್ತೆ ಆವಿಯಾಗುತ್ತವೆ, ಬಾಲ ಕತ್ತರಿಸಿದ ಹಾಗೆ ಕೊನೆಯಾಗುತ್ತದೆ. ಹೊಗೆ ಹಾಗಲ್ಲ, ತೆಳುವಾಗುತ್ತಾ ಮಂಕಾಗಿ ತುಂಬಾ ದೂರ ಎಳೆದುಕೊಂಡು ಹೋಗುತ್ತದೆ. ದೂರದಿಂದ ಗುರುತು ಹಿಡಿಯೋಕೆ ನಾನು ನೋಡೋದು ಇದನ್ನೇ.

ಅವರನ್ನು ಹತ್ತು ಗಂಟೆವರೆಗೂ ಅಲ್ಲೇ ಕೂರಿಸಿದೆ, ಕ್ಯಾಂಟೀನಿಂದ ಎರಡು ಸಲ ಟೀ ಬಂತು. ಬಿಸಿಲೇರಿದಂತೆ ಬಿಳಿ ಬಾಲ ಗಿಡ್ಡವಾಯಿತು, ಆಮೇಲೆ ಇಲ್ಲವೇ ಇಲ್ಲ. ಫ್ಯಾನು ಮಾತ್ರ ಅದೇ ಸದ್ದಿನಲ್ಲಿ ತಿರುಗುತ್ತಿತ್ತು, ಯಾರೂ ಸ್ವಿಚ್ ಮುಟ್ಟಿರಲಿಲ್ಲ.

"ಹಾಗಾದ್ರೆ ನಮ್ಮ ಕಾರುಗಳ ಮೇಲೆ ಬಿಳಿ ಚುಕ್ಕೆ ಯಾಕೆ?" ಅಂತ ಕೇಳಿದರು. ಇಲ್ಲಿ ನಾನು ಬಾಯಿ ಮುಚ್ಚಿಕೊಳ್ಳಬೇಕಾಯಿತು. ಆವಿಯಲ್ಲಿ ಉಪ್ಪಿರಲ್ಲ, ಅದು ಒಣಗಿದರೆ ಕಲೆ ಉಳಿಯಲ್ಲ. ಚುಕ್ಕೆ ಬೀಳುತ್ತಿದೆ ಅಂದರೆ ಟವರಿನೊಳಗಿನ ನೀರೇ ಹನಿಯಾಗಿ ಹಾರಿ ಬರುತ್ತಿದೆ. ಇದಕ್ಕೆ ನಾವು ಡ್ರಿಫ್ಟ್ ಅನ್ನುತ್ತೇವೆ. ನೀರು ಆವಿಯಾದ ಹಾಗೆಲ್ಲ ಉಪ್ಪು, ಸುಣ್ಣ ಒಳಗೇ ಉಳಿದು ಗಟ್ಟಿಯಾಗಿರುತ್ತದೆ. ಸರಿಯಾಗಿ ಕ್ಲೋರಿನ್ ಹಾಕದಿದ್ದರೆ ಈ ಹನಿಗಳ ಜೊತೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಕೂಡ ಬರಬಹುದು, ಅದು ನ್ಯುಮೋನಿಯಾ ತರುವಂಥದ್ದು. ದೂರು ಕೊಡಬೇಕಾದ್ದು ಇದರ ಬಗ್ಗೆ, ಬಿಳಿ ಬಾಲದ ಬಗ್ಗೆ ಅಲ್ಲ. ಫ್ಯಾನ್ ನಿಲ್ಲಿಸಿ ಇಣುಕಿದರೆ ಹನಿ ತಡೆಯುವ ಡ್ರಿಫ್ಟ್ ಎಲಿಮಿನೇಟರಿನ ಎರಡು ಪ್ಯಾನೆಲ್ ಮುರಿದು ಜಾರಿದ್ದವು. ಬೇಸಿಗೆ ಸರ್ವಿಸಿನಲ್ಲಿ ನೋಡಿದರಾಯ್ತು ಅಂತ ನಾನೇ ಬಿಟ್ಟಿದ್ದೆ. ಆ ವಾರವೇ ಬದಲಾಯಿಸಿದೆವು, ಚುಕ್ಕೆ ನಿಂತಿತು.

ಬಿಳಿ ಬಾಲ ಕಾಣದ ಹಾಗೂ ಮಾಡಬಹುದು. ಜರ್ಮನಿಯ ನೆಕಾರ್‌ವೆಸ್ಟ್‌ಹೈಮ್ ಅಣುಸ್ಥಾವರದಲ್ಲಿ ಹೈಬ್ರಿಡ್ ಟವರ್ ಕಟ್ಟಿದ್ದರು, ಒದ್ದೆ ಗಾಳಿಗೆ ಬಿಸಿ ಒಣಗಾಳಿ ಬೆರೆಸಿ ಹೊರಗೆ ಬಿಡೋದು. ದುಡ್ಡು ಜಾಸ್ತಿ, ಕರೆಂಟೂ ಜಾಸ್ತಿ. ವಿಮಾನ ನಿಲ್ದಾಣದ ಪಕ್ಕ, ಹೆದ್ದಾರಿ ಪಕ್ಕ ಆದರೆ ಸರಿ. ಸುಮ್ನೆ ನೋಟಕ್ಕೆ ಅಂದರೆ ನಾನಂತೂ ಬೇಡ ಅಂತೀನಿ.

ಏಪ್ರಿಲಿನಲ್ಲಿ ಕಾರ್ಯದರ್ಶಿಗಳ ಮೆಸೇಜ್ ಬಂತು: "ಒಂದು ತಿಂಗಳಿಂದ ಹೊಗೆ ಪೂರ್ತಿ ನಿಂತಿದೆ, ಥ್ಯಾಂಕ್ಸ್ ಸಾರ್." ನಾನಾಗ ಟವರಿನ ನೀರಿನ ಮೀಟರ್ ಮುಂದೆ ನಿಂತಿದ್ದೆ. ಹೊರಗೆ 36 ಡಿಗ್ರಿ, ಟವರಿನಿಂದ ಬರುವ ಗಾಳಿಗಿಂತ ಹೊರಗಿನದೇ ಬಿಸಿ. ಚಳಿಗಾಲದಲ್ಲಿ ಒಂದಿಷ್ಟು ಶಾಖವನ್ನು ತಣ್ಣನೆ ಗಾಳಿಯೇ ಎಳೆದುಕೊಳ್ಳುತ್ತಿತ್ತು, ಈಗ ಪೂರ್ತಿ ಭಾರ ಆವಿಯ ಮೇಲೆ. ಡಿಸೆಂಬರಿಗಿಂತ ಎಷ್ಟೋ ಜಾಸ್ತಿ ನೀರು ಮೇಲಕ್ಕೆ ಹೋಗುತ್ತಿತ್ತು, ಗೇಟಿನಲ್ಲಿ ಟ್ಯಾಂಕರ್ ಹಾರ್ನ್ ಹೊಡೆಯುತ್ತಿತ್ತು.