100 ಎಂಬಿಪಿಎಸ್ ಲೈನ್ ಇದ್ದರೂ ತರಗತಿಯಲ್ಲಿ ವೈಫೈ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ಶಾಲೆಗೆ 100 ಎಂಬಿಪಿಎಸ್ ಫೈಬರ್ ಲೈನ್ ಹಾಕಿಸಿದ್ದೇವೆ. ಸ್ಟಾಫ್ ರೂಮಿನಲ್ಲಿ ಚೆನ್ನಾಗೇ ಓಡುತ್ತದೆ. ಆದರೆ ತರಗತಿಯಲ್ಲಿ 40 ಮಕ್ಕಳು ಒಟ್ಟಿಗೆ ಟ್ಯಾಬ್ ತೆಗೆದರೆ ಎಲ್ಲಾ ನಿಂತುಹೋಗುತ್ತದೆ. 300 ಎಂಬಿಪಿಎಸ್ ಪ್ಲಾನ್ ತೆಗೆದುಕೊಂಡರೆ ಸರಿಹೋಗುತ್ತಾ?

ಹೆಚ್ಚಾಗಿ ಸರಿಹೋಗುವುದಿಲ್ಲ. ದುಡ್ಡು ಕಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ಮಕ್ಕಳೆಲ್ಲ ಟ್ಯಾಬ್ ಹಿಡಿದು, ಪರದೆ ಮೇಲೆ ಚಕ್ರ ಸುತ್ತುತ್ತಿರುವಾಗಲೇ ಒಂದು ಲ್ಯಾಪ್‌ಟಾಪ್ ತನ್ನಿ. ಅದರ ವೈಫೈ ಆಫ್ ಮಾಡಿ, ಕೇಬಲ್ ಹಾಕಿ ನೇರ ರೂಟರಿಗೆ ಸೇರಿಸಿ, ಸ್ಪೀಡ್ ಟೆಸ್ಟ್ ಮಾಡಿ. 80, 90 ಬಂತಾ? ಹಾಗಾದರೆ ನಿಮ್ಮ ಲೈನಿನಲ್ಲಿ ಬೇಕಾದಷ್ಟು ಜಾಗ ಇದೆ. ತೊಂದರೆ ಇರುವುದು ರೂಟರಿಗೂ ಟ್ಯಾಬಿಗೂ ನಡುವಿನ ಗಾಳಿಯಲ್ಲಿ. ಈ ಪರೀಕ್ಷೆಯನ್ನು ಶಾಲೆ ಬಿಟ್ಟ ಮೇಲೆ ಮಾಡಬೇಡಿ, ಆಗ ಏನೂ ಗೊತ್ತಾಗುವುದಿಲ್ಲ.

ವೈಫೈ ಕೆಲಸ ಮಾಡುವ ರೀತಿ ತರಗತಿಯ ಹಾಗೇ ಇದೆ. ಒಂದು ಚಾನೆಲ್‌ನಲ್ಲಿ, ಅಂದರೆ ವೈಫೈ ಓಡುವ ಒಂದು ರೇಡಿಯೊ ದಾರಿಯಲ್ಲಿ, ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಟ್ಯಾಬ್ ಮೊದಲು ಕಿವಿಗೊಟ್ಟು ಕೇಳುತ್ತದೆ. ಯಾರೂ ಮಾತಾಡುತ್ತಿಲ್ಲ ಅಂದರೆ ಒಂದು ಚೂರು ಕಾದು ತನ್ನ ಮಾತು ಕಳಿಸುತ್ತದೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರ ಮಾತೂ ಹಾಳು. ಇಬ್ಬರೂ ಮತ್ತೆ ಕಾಯಬೇಕು, ಈ ಸಲ ಇನ್ನೂ ಜಾಸ್ತಿ ಹೊತ್ತು. ನಾಲ್ಕು ಟ್ಯಾಬ್ ಇದ್ದಾಗ ಇದು ಯಾರ ಗಮನಕ್ಕೂ ಬರುವುದಿಲ್ಲ. 40 ಇದ್ದಾಗ ಮಾತಿಗಿಂತ ಕಾಯುವುದೇ ಹೆಚ್ಚಾಗುತ್ತದೆ.

ಇನ್ನೊಂದು ವಿಷಯ ಇದೆ. ಹಿಂದಿನ ಬೆಂಚಿನ ಮೂಲೆಯಲ್ಲಿ ಸಿಗ್ನಲ್ ಕಮ್ಮಿ. ಅಲ್ಲಿನ ಟ್ಯಾಬ್ ಮಾತು ತಪ್ಪಬಾರದು ಅಂತ ನಿಧಾನಕ್ಕೆ ಕಳಿಸುತ್ತದೆ. ಹತ್ತಿರದ ಟ್ಯಾಬ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುವ ಕೆಲಸಕ್ಕೆ ಇದಕ್ಕೆ ಹತ್ತಾರು ಪಟ್ಟು ಸಮಯ ಬೇಕಾಗಬಹುದು. ಅದು ಮುಗಿಸುವ ತನಕ ಉಳಿದ 39 ಟ್ಯಾಬ್ ಸುಮ್ಮನಿರಬೇಕು. ಹಾಗಾಗಿ ಒಂದು ಮೂಲೆಯ ತೊಂದರೆ ಇಡೀ ತರಗತಿಯ ತೊಂದರೆಯಾಗುತ್ತದೆ. ಕಾರಿಡಾರಿನಲ್ಲಿ ಒಂದೇ ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಕೊಡುವ ಡಬ್ಬಿ) ನೇತುಹಾಕಿ ನಾಲ್ಕು ಕೋಣೆಗೆ ಹಂಚಿದರಂತೂ ಎಲ್ಲಾ ಮಕ್ಕಳೂ ಗೋಡೆಯಾಚೆಯವರೇ ಆಗಿಬಿಡುತ್ತಾರೆ. ಶಾಲೆಗಳಲ್ಲಿ ಆಗುವ ದೊಡ್ಡ ತಪ್ಪು ಇದೇ ಅಂತ ನನ್ನ ಅಭಿಪ್ರಾಯ. ರೂಟರಿನ ಡಬ್ಬಿ ಮೇಲೆ 1200 ಅಂತ ಬರೆದಿರುವುದನ್ನು ನಂಬಿ ಸಮಾಧಾನ ಪಡಬೇಡಿ. ಅದು 2.4 ಮತ್ತು 5 ಗಿಗಾಹರ್ಟ್ಸ್ ಅನ್ನುವ ಎರಡು ಬ್ಯಾಂಡಿನ ಗರಿಷ್ಠ ವೇಗ ಕೂಡಿಸಿ ಬರೆದ ಲೆಕ್ಕ, ತರಗತಿಯಲ್ಲಿ ಸಿಗುವ ವೇಗ ಅಲ್ಲ.

ಹಾಗಾದರೆ ಏನು ಮಾಡಬೇಕು? ಟ್ಯಾಬ್ ಬಳಸುವ ಪ್ರತಿ ಕೋಣೆಗೂ ಅದರದ್ದೇ ಆಕ್ಸೆಸ್ ಪಾಯಿಂಟ್ ಬೇಕು. ಮಕ್ಕಳ ಟ್ಯಾಬುಗಳನ್ನು 5 ಗಿಗಾಹರ್ಟ್ಸ್‌ಗೆ ಹಾಕಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರುವುದು ಮೂರೇ: 1, 6, 11. ಬ್ಲೂಟೂತ್ ಕೂಡ ಅಲ್ಲೇ ಓಡಾಡುತ್ತದೆ. 5ರಲ್ಲಿ ಚಾನೆಲ್ ಜಾಸ್ತಿ. ಅದು ಗೋಡೆ ದಾಟುವುದು ಕಷ್ಟ ಅಂತ ಮನೆಯಲ್ಲಿ ಬೈಯುತ್ತೇವೆ, ಶಾಲೆಗೆ ಅದೇ ಅನುಕೂಲ. ಪಕ್ಕದ ಕೋಣೆಯ ಪಾಠ ಇಲ್ಲಿಗೆ ಕೇಳಬಾರದು, ಅಲ್ವಾ? ಹಾಗೇ ಪಕ್ಕದ ಕೋಣೆಯ ವೈಫೈ ಕೂಡ. ಅಕ್ಕಪಕ್ಕದ ಕೋಣೆಗಳಿಗೆ ಬೇರೆ ಬೇರೆ ಚಾನೆಲ್ ಕೊಡಿ. ಆಕ್ಸೆಸ್ ಪಾಯಿಂಟಿನ ಸಿಗ್ನಲ್ ಪವರ್ ತಗ್ಗಿಸಿ. ಚಾನೆಲ್ ಅಗಲ 80 ಬದಲು 20 ಅಥವಾ 40 ಮೆಗಾಹರ್ಟ್ಸ್‌ಗೆ ಇಡಿ. ಪವರ್ ಜಾಸ್ತಿ ಮಾಡಿದರೆ ಒಳ್ಳೆಯದು ಅಂತ ಅನಿಸುವುದು ಸಹಜ. ಆದರೆ ಎಲ್ಲರೂ ಕೂಗಿದರೆ ಯಾರಿಗೂ ಕೇಳಿಸುವುದಿಲ್ಲ.

ಆಕ್ಸೆಸ್ ಪಾಯಿಂಟಿಗೆ ಕೇಬಲ್ ಎಳೆಯಲೇಬೇಕು. ಕೇಬಲ್ ಬದಲು ರಿಪೀಟರ್ (ವೈಫೈ ಸಿಗ್ನಲ್ ಹಿಡಿದು ಮತ್ತೆ ಕಳಿಸುವ ಡಬ್ಬಿ) ಇಟ್ಟರೆ ಆಗುವುದಿಲ್ಲ. ಒಂದೇ ರೇಡಿಯೊ ಇರುವ ರಿಪೀಟರ್ ಪ್ರತಿ ಮಾತನ್ನೂ ಅದೇ ಗಾಳಿಯಲ್ಲಿ ಎರಡು ಸಲ ಆಡುತ್ತದೆ. ಈಗಾಗಲೇ ತುಂಬಿದ ಗಾಳಿ ಇನ್ನಷ್ಟು ತುಂಬುತ್ತದೆ. ನೆಟ್‌ವರ್ಕ್ ಕೇಬಲ್ 100 ಮೀಟರ್ ತನಕ ಹೋಗುತ್ತದೆ. ಕೇಬಲ್‌ಗಳನ್ನೆಲ್ಲ ಸೇರಿಸುವ ಡಬ್ಬಿಗೆ ಸ್ವಿಚ್ ಅನ್ನುತ್ತಾರೆ. ಅದರಲ್ಲಿ ಪಿಓಇ (ಪವರ್ ಓವರ್ ಈಥರ್ನೆಟ್) ಇರುವುದನ್ನು ತೆಗೆದುಕೊಂಡರೆ ಕರೆಂಟೂ ಅದೇ ಕೇಬಲ್ಲಿನಲ್ಲಿ ಬರುತ್ತದೆ. ರೂಟರಿಗೂ ಸ್ವಿಚ್ಚಿಗೂ ಯುಪಿಎಸ್ ಇಟ್ಟರೆ ಕರೆಂಟ್ ಹೋದಾಗಲೂ ವೈಫೈ ಉಳಿಯುತ್ತದೆ.

2019ರಲ್ಲಿ ಬಂದ ವೈಫೈ 6ರಲ್ಲಿ ಒಂದೇ ಚಾನೆಲ್ಲನ್ನು ಹೋಳು ಮಾಡಿ ಹಲವರಿಗೆ ಒಟ್ಟಿಗೆ ಕೊಡಬಹುದು. ಒಳ್ಳೆಯದೇ. ಆದರೆ ಟ್ಯಾಬುಗಳೂ ವೈಫೈ 6 ಆಗಿರಬೇಕು.

ಇನ್ನು ಕೆಲವು ಶಾಲೆಗಳಲ್ಲಿ ಬೆಳಗ್ಗೆ ಎಲ್ಲಾ ಸರಿ, ಮಧ್ಯಾಹ್ನದ ತರಗತಿಗೆ ಮಾತ್ರ ನೆಟ್ ಸಿಗುವುದಿಲ್ಲ. ಸಿಗ್ನಲ್ ಪೂರ್ತಿ ಇರುತ್ತದೆ, ಪುಟ ತೆರೆಯುವುದಿಲ್ಲ. ಆಗ ನೆಟ್ ಸಿಗದ ಲ್ಯಾಪ್‌ಟಾಪಿನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಗುರುತಿನ ಸಂಖ್ಯೆ) ನೋಡಿ. 169.254 ಅಂತ ಶುರುವಾದರೆ ರೂಟರಿನಿಂದ ಅದಕ್ಕೆ ವಿಳಾಸ ಸಿಕ್ಕಿಲ್ಲ ಅಂತ ಅರ್ಥ. ಸಾಮಾನ್ಯ ಸೆಟ್ಟಿಂಗಿನಲ್ಲಿ ರೂಟರ್ ಹೆಚ್ಚೆಂದರೆ 250ರಷ್ಟು ವಿಳಾಸ ಹಂಚುತ್ತದೆ, ಕೆಲವು ರೂಟರುಗಳಲ್ಲಿ ಬರೀ 100. ಬೆಳಗ್ಗೆ ಬಂದ ಫೋನು, ಟ್ಯಾಬುಗಳೆಲ್ಲ ಒಂದೊಂದನ್ನು ಹೆಚ್ಚಾಗಿ 24 ಗಂಟೆಗೆ ಹಿಡಿದು ಕೂರುತ್ತವೆ. ರೂಟರ್ ಸೆಟ್ಟಿಂಗಿನಲ್ಲಿ ಡಿಎಚ್‌ಸಿಪಿ ಲೀಸ್ ಅಂತ ಇರುತ್ತದೆ, ಅಂದರೆ ಒಂದು ವಿಳಾಸವನ್ನು ಎಷ್ಟು ಹೊತ್ತಿಗೆ ಕೊಡಬೇಕು ಅನ್ನುವ ಲೆಕ್ಕ, ಅದನ್ನು 2 ಗಂಟೆಗೆ ಇಳಿಸಿ. ಒಂದು ಪೈಸೆ ಖರ್ಚಿಲ್ಲ. ಇಷ್ಟು ಸಣ್ಣ ವಿಷಯಕ್ಕೆ 40 ನಿಮಿಷದ ಪೀರಿಯಡ್ಡಿನಲ್ಲಿ ಹದಿನೈದು ನಿಮಿಷ ಕಳೆದುಕೊಂಡು, ಕೊನೆಗೆ ಟೀಚರ್ ಬೇಸತ್ತು ಟ್ಯಾಬುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರಲ್ಲ, ಅದು ನನಗೆ ನಿಜಕ್ಕೂ ಸಂಕಟ ತರುತ್ತದೆ. ಅವರದ್ದು ತಪ್ಪೇ ಅಲ್ಲ.

ಕೇಬಲ್ ಹಾಕಿ ನೋಡಿದಾಗಲೂ 5, 10 ಮಾತ್ರ ಬಂದರೆ ಆಗ ಲೈನ್ ತುಂಬಿದೆ ಅಂತ ಲೆಕ್ಕ. ಆಗಲೂ ಪ್ಲಾನ್ ಬದಲಿಸುವ ಮೊದಲು ಬಳಕೆ ನೋಡಿ. 720ಪಿ ವಿಡಿಯೋಗೆ ಸುಮಾರು 2.5 ಎಂಬಿಪಿಎಸ್ ಬೇಕು. 40 ಮಕ್ಕಳು ಅದೇ ವಿಡಿಯೋವನ್ನು ಬೇರೆ ಬೇರೆಯಾಗಿ ತೆರೆದರೆ 100 ಅಲ್ಲಿಗೆ ಮುಗಿಯಿತು. ಪ್ರೊಜೆಕ್ಟರಿನಲ್ಲಿ ಒಂದು ಸಲ ಹಾಕಿದರೆ 2.5ರಲ್ಲೇ ಆಗುತ್ತದೆ. ಅಪ್‌ಡೇಟ್‌ಗಳು ರಾತ್ರಿ ಆಗುವ ಹಾಗೆ ಇಡಿ. ಅಪ್‌ಲೋಡ್ ವೇಗವನ್ನೂ ನೋಡಿ. ಎಷ್ಟೋ ಪ್ಲಾನುಗಳಲ್ಲಿ ಅದು ಡೌನ್‌ಲೋಡಿಗಿಂತ ತುಂಬಾ ಕಮ್ಮಿ. ಮಕ್ಕಳೆಲ್ಲ ಒಟ್ಟಿಗೆ ಹೋಮ್‌ವರ್ಕ್ ಫೋಟೋ ಕಳಿಸುವಾಗ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಲೈನ್ ಜಾಸ್ತಿ ಸಿಗದ ಕಡೆ ಕಿವಿಕ್ಸ್, ಕೊಲಿಬ್ರಿ ಅನ್ನುವ ಉಚಿತ ಸಾಫ್ಟ್‌ವೇರ್‌ಗಳಿವೆ. ವಿಕಿಪೀಡಿಯ, ಪಾಠದ ವಿಡಿಯೋಗಳನ್ನು ಶಾಲೆಯ ಒಂದು ಕಂಪ್ಯೂಟರಿನಲ್ಲೇ ಇಳಿಸಿಟ್ಟುಕೊಂಡು ಇಂಟರ್ನೆಟ್ ಇಲ್ಲದೆಯೂ ಮಕ್ಕಳಿಗೆ ಕೊಡಬಹುದು. ಆದರೆ ಆ ಕಂಪ್ಯೂಟರಿನಿಂದ ಟ್ಯಾಬಿಗೆ ಪಾಠ ಹೋಗುವುದೂ ಅದೇ ವೈಫೈ ಮೂಲಕ. ಅದಕ್ಕೇ ಕೋಣೆಗೊಂದು ಆಕ್ಸೆಸ್ ಪಾಯಿಂಟ್ ಅಂತ ಮೊದಲು ಹೇಳಿದ್ದು.