ವಾಹನದ ಸರ್ಕ್ಯೂಟ್ ಬೋರ್ಡಿನಲ್ಲಿ ಬಿರಿದ ಬೆಸುಗೆ: ಪತ್ತೆ ಮತ್ತು ದುರಸ್ತಿ

ಕಾರಿನ ಎಲೆಕ್ಟ್ರಾನಿಕ್ ಘಟಕವೊಂದು ಕೈಕೊಟ್ಟಾಗ ಅದರೊಳಗಿನ ಚಿಪ್ ಸುಟ್ಟುಹೋಗಿರಬೇಕೆಂದು ಊಹಿಸುವುದು ರೂಢಿ. ಬೋರ್ಡನ್ನು ಬಿಚ್ಚಿ ನೋಡಿದರೆ ಬಹಳ ಸಲ ಕಾಣುವುದು ಬಿರುಕು ಬಿಟ್ಟ ಬೆಸುಗೆ, ಸೋರಿದ ಕೆಪಾಸಿಟರ್ ಅಥವಾ ತೇವದಿಂದ ಕಿಲುಬು ಹಿಡಿದ ತಾಮ್ರದ ಟ್ರ್ಯಾಕ್ (ಬೋರ್ಡಿನ ಮೇಲೆ ವಿದ್ಯುತ್ ಒಯ್ಯುವ ತೆಳು ಪಟ್ಟಿ). ಇವು ಮೂರನ್ನೂ ಸಾಧಾರಣ ಸೋಲ್ಡರಿಂಗ್ ಐರನ್ನಿನಿಂದಲೇ ಸರಿಪಡಿಸಬಹುದು. ಆದರೆ ಬೆಸುಗೆ ಏಕೆ ಬಿರಿಯಿತು ಎಂಬುದನ್ನು ತಿಳಿಯದೆ ಅದರ ಮೇಲೆ ಸೋಲ್ಡರ್ (ಬೆಸೆಯಲು ಕರಗಿಸುವ ಮಿಶ್ರಲೋಹ) ಸುರಿದರೆ ಅದೇ ದೋಷ ಮತ್ತೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಈ ಟಿಪ್ಪಣಿಯಲ್ಲಿ ಕೈಕೆಲಸಕ್ಕಿಂತ ಕಾರಣಕ್ಕೂ ಪತ್ತೆಗೂ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬೆಸುಗೆ ಬಿರಿಯುವ ಬಗೆ

ಎಂಜಿನ್ ಕೋಣೆಯಲ್ಲಿರುವ ಘಟಕಗಳನ್ನು ಸಾಮಾನ್ಯವಾಗಿ ಮೈನಸ್ 40ರಿಂದ 125 ಡಿಗ್ರಿ ಸೆಲ್ಸಿಯಸ್‌ವರೆಗಿನ ತಾಪಮಾನಕ್ಕೆ ಹೊಂದುವಂತೆ ವಿನ್ಯಾಸಗೊಳಿಸುತ್ತಾರೆ. ಪ್ರತಿ ಬಾರಿ ವಾಹನ ಓಡಿ ನಿಂತಾಗ ಬೋರ್ಡ್ ಕಾದು ಹಿಗ್ಗಿ, ತಣಿದು ಕುಗ್ಗುತ್ತದೆ. ತೊಂದರೆ ಹುಟ್ಟುವುದು ಎಲ್ಲ ವಸ್ತುಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗದಿರುವುದರಿಂದ. ತಾಮ್ರವು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷ ಭಾಗದಲ್ಲಿ ಸುಮಾರು 17 ಭಾಗ ಹಿಗ್ಗಿದರೆ, ಗಾಜಿನ ನೂಲು ಮತ್ತು ಎಪಾಕ್ಸಿಯಿಂದಾದ ಬೋರ್ಡ್ ತನ್ನ ದಪ್ಪದ ದಿಕ್ಕಿನಲ್ಲಿ ಅದರ ಮೂರು ಪಟ್ಟು ಅಥವಾ ಇನ್ನೂ ಹೆಚ್ಚು ಹಿಗ್ಗುತ್ತದೆ. ಸೆರಾಮಿಕ್‌ನಿಂದ ಮಾಡಿದ ಚಿಕ್ಕ ರೆಸಿಸ್ಟರುಗಳು ಹಿಗ್ಗುವುದು ಸುಮಾರು 6 ಅಥವಾ 7 ಭಾಗ ಮಾತ್ರ. ಈ ವ್ಯತ್ಯಾಸದ ಎಳೆತವನ್ನೆಲ್ಲ ನಡುವೆ ಸಿಕ್ಕಿಕೊಂಡಿರುವ ಮೆದುವಾದ ಸೋಲ್ಡರ್ ತಾಳಿಕೊಳ್ಳಬೇಕು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಒಂದು ಹಂತದಲ್ಲಿ ತುಂಡಾಗುವ ಹಾಗೆ, ಸಾವಿರಾರು ಸಲ ಎಳೆದಾಡಿಸಿಕೊಂಡ ಸೋಲ್ಡರ್ ದಣಿದು ಬಿರಿಯುತ್ತದೆ.

ಹಾಗಾಗಿ ಬಿರುಕನ್ನು ಮೊದಲು ಹುಡುಕಬೇಕಾದದ್ದು ತೂಕದ ಅಥವಾ ಬಿಸಿಯಾಗುವ ಬಿಡಿಭಾಗಗಳ ಬುಡದಲ್ಲಿ, ಅಂದರೆ ರಿಲೇ (ವಿದ್ಯುತ್ತಿನಿಂದ ಚಲಿಸುವ ಸ್ವಿಚ್), ಕನೆಕ್ಟರ್ ಪಿನ್, ಕಾಯಿಲ್, ದೊಡ್ಡ ಕೆಪಾಸಿಟರ್ ಮತ್ತು ಪವರ್ ಟ್ರಾನ್ಸಿಸ್ಟರ್‌ಗಳಲ್ಲಿ. ಕನೆಕ್ಟರ್ ಪಿನ್ನುಗಳಿಗೆ ತಂತಿಗಳ ಕಟ್ಟಾದ ವೈರಿಂಗ್ ಹಾರ್ನೆಸ್‌ನ ಭಾರ ಮತ್ತು ಕಂಪನವೂ ಸೇರಿಕೊಳ್ಳುವುದರಿಂದ ಅವುಗಳ ಮೇಲೆ ನನಗೆ ಸದಾ ಮೊದಲ ಅನುಮಾನ.

ಬಿರುಕು ಬಿಟ್ಟ ಬೆಸುಗೆ ಒಮ್ಮೆಗೇ ಸಂಪರ್ಕ ಕಡಿದುಕೊಳ್ಳುವುದಿಲ್ಲ. ಮೊದಲು ಅದರ ರೋಧ ಅಲ್ಪಸ್ವಲ್ಪ ಏರುತ್ತದೆ. ಒಂದು ಪಿನ್ನಿನ ಬುಡದಲ್ಲಿ 0.05 ಓಮ್ ರೋಧ ಬೆಳೆದಿದೆ ಎಂದುಕೊಳ್ಳೋಣ. ಸಾಧಾರಣ ಮಲ್ಟಿಮೀಟರಿನಲ್ಲಿ ಇದು ಕಾಣುವುದೇ ಇಲ್ಲ, ಏಕೆಂದರೆ ಮೀಟರಿನ ತಂತಿಗಳ ರೋಧವೇ ಇದಕ್ಕಿಂತ ಹೆಚ್ಚಿರುತ್ತದೆ. ಆದರೆ ಆ ಪಿನ್ನಿನಲ್ಲಿ 10 ಆಂಪಿಯರ್ ಹರಿದಾಗ 0.5 ವೋಲ್ಟ್ ಕುಸಿದು, 5 ವಾಟ್ ಶಾಖ ಅಷ್ಟು ಚಿಕ್ಕ ಜಾಗದಲ್ಲೇ ಹುಟ್ಟುತ್ತದೆ. ಆ ಶಾಖ ಬಿರುಕನ್ನು ಹಿಗ್ಗಿಸುತ್ತದೆ, ಹಿಗ್ಗಿದ ಬಿರುಕು ಇನ್ನಷ್ಟು ಶಾಖವನ್ನು ಹುಟ್ಟಿಸುತ್ತದೆ, ಕೊನೆಗೆ ಸುತ್ತಲಿನ ಬೋರ್ಡ್ ಕಂದು ಬಣ್ಣಕ್ಕೆ ತಿರುಗುತ್ತದೆ. ಬಿಸಿಲಲ್ಲಿ ನಿಂತ ಕಾರು ಸ್ಟಾರ್ಟ್ ಆಗದೆ, ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆದರೆ, ಇಂಧನ ಪಂಪಿಗೆ ವಿದ್ಯುತ್ ಕೊಡುವ ರಿಲೇಯ ಬೆಸುಗೆಯನ್ನು ನೋಡುವುದು ಇದೇ ಕಾರಣಕ್ಕೆ.

ಬಿಚ್ಚುವ ಮುನ್ನ

ಘಟಕವನ್ನು ಕಳಚುವ ಮೊದಲು ದೋಷ ನಿಜಕ್ಕೂ ಅದರೊಳಗೇ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಬ್ಯಾಟರಿ, ಫ್ಯೂಸ್ ಮತ್ತು ಕನೆಕ್ಟರ್ ಸರಿಯಿದ್ದರೂ ಅರ್ಥಿಂಗ್ (ವಿದ್ಯುತ್ ಬ್ಯಾಟರಿಯ ನೆಗೆಟಿವ್ ಬದಿಗೆ ಮರಳುವ ದಾರಿ) ಕೆಟ್ಟಿದ್ದರೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ದೋಷಸಂಕೇತಗಳು (ಫಾಲ್ಟ್ ಕೋಡ್) ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಘಟಕ ಕೆಲಸ ಮಾಡುತ್ತಿರುವಾಗಲೇ ಅದರ ಅರ್ಥ್ ಪಿನ್ನಿಗೂ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೂ ನಡುವೆ ವೋಲ್ಟೇಜ್ ಅಳೆದು ನೋಡಿ, 0.2 ವೋಲ್ಟಿಗಿಂತ ಹೆಚ್ಚು ತೋರಿದರೆ ಬೋರ್ಡನ್ನು ಮುಟ್ಟದೆ ವೈರಿಂಗನ್ನು ಮೊದಲು ಸರಿಪಡಿಸಿ. ಈ ಪರೀಕ್ಷೆ ಮಾಡದೆ ಬೋರ್ಡ್ ಬಿಚ್ಚುವವರು ತಮ್ಮ ಸಮಯವನ್ನಷ್ಟೇ ಅಲ್ಲ, ಒಳ್ಳೆಯ ಬೋರ್ಡನ್ನೂ ಹಾಳುಮಾಡಿಕೊಳ್ಳುವ ಸಾಧ್ಯತೆಯಿದೆ.

ಕಳಚುವಾಗ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ತೆಗೆಯಬೇಕು. ಏರ್‌ಬ್ಯಾಗ್ ಘಟಕದ ಕೆಪಾಸಿಟರುಗಳಲ್ಲಿ ಬ್ಯಾಟರಿ ತೆಗೆದ ಮೇಲೂ ವಿದ್ಯುತ್ ಉಳಿದಿರುವುದರಿಂದ, ತಯಾರಕರ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು. ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಳ್ಳಿ. ಅದರೊಳಗೆ ಸಾಮಾನ್ಯವಾಗಿ 1 ಮೆಗಾಓಮ್ ರೆಸಿಸ್ಟರ್ ಇರುವುದರಿಂದ ಸ್ಥಿರ ವಿದ್ಯುತ್ ನಿಧಾನವಾಗಿ ಹರಿದುಹೋಗುತ್ತದೆ, ನಮಗೂ ಶಾಕ್ ತಗಲುವುದಿಲ್ಲ.

ಕಣ್ಣಿನ ಪರೀಕ್ಷೆಗೆ ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್ ಮತ್ತು ಓರೆಯಾಗಿ ಬೀಳುವ ಬೆಳಕು ಬೇಕು. ನೇರ ಬೆಳಕಿನಲ್ಲಿ ಸೋಲ್ಡರ್ ಹೊಳೆದು ಬಿರುಕು ಮರೆಯಾಗುತ್ತದೆ, ಓರೆ ಬೆಳಕಿನಲ್ಲಿ ಪಿನ್ನಿನ ಸುತ್ತ ಕೂದಲೆಳೆಯಷ್ಟು ತೆಳುವಾದ ಕಪ್ಪು ಉಂಗುರ ಕಾಣುತ್ತದೆ. ಕಣ್ಣಿಗೆ ಏನೂ ಸಿಗದಿದ್ದರೆ ಬೋರ್ಡಿಗೆ ವಿದ್ಯುತ್ ಕೊಟ್ಟು, ಪ್ಲಾಸ್ಟಿಕ್ ಕಡ್ಡಿಯಿಂದ ಒಂದೊಂದೇ ಬಿಡಿಭಾಗವನ್ನು ಮೆಲ್ಲಗೆ ತಟ್ಟಿ, ಬಳಿಕ ಬಿಸಿ ಗಾಳಿ ಮತ್ತು ತಂಪು ಸ್ಪ್ರೇಯನ್ನು ಸರದಿಯಂತೆ ಸಣ್ಣ ಸಣ್ಣ ಜಾಗಕ್ಕೆ ಹಾಯಿಸಿದರೆ, ದೋಷ ಬಂದು ಹೋಗುವ ಜಾಗ ತಾನಾಗಿ ಗೊತ್ತಾಗುತ್ತದೆ.

ರಕ್ಷಣಾ ಲೇಪ ಮತ್ತು ಸೋಲ್ಡರಿನ ಆಯ್ಕೆ

ವಾಹನದ ಬೋರ್ಡುಗಳ ಮೇಲೆ ಹಲವೆಡೆ ತೇವ ತಡೆಯುವ ಪಾರದರ್ಶಕ ಲೇಪ ಇರುತ್ತದೆ. ಅಕ್ರಿಲಿಕ್ ಲೇಪ ದ್ರಾವಕಗಳಲ್ಲಿ ಸುಲಭವಾಗಿ ಕರಗುತ್ತದೆ, ಸಿಲಿಕೋನ್ ಲೇಪವನ್ನು ಮೆಲ್ಲಗೆ ಕೆರೆದು ತೆಗೆಯಬೇಕಾಗುತ್ತದೆ. ಪಾಲಿಯುರೆಥೇನ್ ಲೇಪವನ್ನು ಐರನ್ನಿನಿಂದಲೇ ಸುಟ್ಟು ದಾರಿ ಮಾಡಿಕೊಳ್ಳುವ ಅಭ್ಯಾಸ ಕೆಲವರಿಗಿದೆ. ಅದರ ಹೊಗೆ ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಗಾಳಿಯಾಡುವ ವ್ಯವಸ್ಥೆ ಇಲ್ಲದ ಕಡೆ ಈ ಕೆಲಸ ಬೇಡ.

ಸೋಲ್ಡರಿನಲ್ಲಿ ಮುಖ್ಯವಾಗಿ ಎರಡು ಬಗೆ. 63 ಭಾಗ ತವರ, 37 ಭಾಗ ಸೀಸ ಸೇರಿದ ಮಿಶ್ರಲೋಹ 183 ಡಿಗ್ರಿಯಲ್ಲಿ ಕರಗುತ್ತದೆ, ಮತ್ತು ನಡುವೆ ಗಂಜಿಯಂಥ ಸ್ಥಿತಿಗೆ ಹೋಗದೆ ಒಮ್ಮೆಗೇ ಗಟ್ಟಿಯಾಗುತ್ತದೆ. ಕಲಿಯುವವರಿಗೆ ಇದು ಅನುಕೂಲ, ಏಕೆಂದರೆ ಗಟ್ಟಿಯಾಗುವ ಹೊತ್ತಿನಲ್ಲಿ ಪಿನ್ ಅಲುಗಿ ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಆಗುವ ಅಪಾಯ ಕಡಿಮೆ. ಸೀಸರಹಿತ ಸೋಲ್ಡರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 96.5 ಭಾಗ ತವರ, 3 ಭಾಗ ಬೆಳ್ಳಿ, 0.5 ಭಾಗ ತಾಮ್ರದ ಮಿಶ್ರಣ. ಅದು ಕರಗುವುದು 217ರಿಂದ 220 ಡಿಗ್ರಿಗಳ ನಡುವೆ. ಬೋರ್ಡಿನಲ್ಲಿ ಯಾವುದಿದೆಯೋ ಅದನ್ನೇ ಬಳಸುವುದು ಉತ್ತಮ. ಬೇರೆಯದನ್ನು ಬಳಸಲೇಬೇಕಾದರೆ ಹಳೆಯದನ್ನು ಪೂರ್ತಿ ತೆಗೆಯಬೇಕು.

ಚಿಪ್ ತೆಗೆಯಲು ಸುಲಭವಾಗಲೆಂದು ಬಿಸ್ಮತ್ ಬೆರೆತ, ಕಡಿಮೆ ತಾಪದಲ್ಲಿ ಕರಗುವ ಸೋಲ್ಡರ್ ಸಿಗುತ್ತದೆ. ಅದರ ಉಳಿಕೆ ಸೀಸವಿರುವ ಸೋಲ್ಡರಿನೊಂದಿಗೆ ಸೇರಿದರೆ ಸುಮಾರು 96 ಡಿಗ್ರಿಯಲ್ಲೇ ಕರಗುವ ಮಿಶ್ರಣ ಉಂಟಾಗಬಹುದು, ಎಂಜಿನ್ ಕೋಣೆಯ ಬೋರ್ಡ್ ಅದಕ್ಕಿಂತ ಹೆಚ್ಚು ಕಾಯುತ್ತದೆ. ಆದ್ದರಿಂದ ಅದನ್ನು ಬಳಸಿದ ಜಾಗವನ್ನು ಎಳ್ಳಷ್ಟೂ ಉಳಿಯದಂತೆ ಶುಚಿಗೊಳಿಸಬೇಕು.

ಬೆಸುಗೆ ಹಾಕುವ ಕ್ರಮ

ಬಿರುಕಿನ ಮೇಲೆ ಐರನ್ ಇಟ್ಟು ಹಳೆಯ ಸೋಲ್ಡರನ್ನೇ ಮತ್ತೆ ಕರಗಿಸುವುದು ಎಲ್ಲರಿಗೂ ಹೊಳೆಯುವ ಉಪಾಯ. ಅದು ಕೆಲವು ದಿನ ಕೆಲಸ ಮಾಡಲೂಬಹುದು. ಆದರೆ ಬಿರುಕಿನ ಒಳಮೈಯಲ್ಲಿ ಆಕ್ಸೈಡ್ ಪದರ ಕೂತಿರುತ್ತದೆ, ಅದನ್ನು ಕಳೆಯಬೇಕಾದ ಫ್ಲಕ್ಸ್ ಕಾರ್ಖಾನೆಯಲ್ಲೇ ಉರಿದುಹೋಗಿರುತ್ತದೆ. ಹೀಗಾಗಿ ಮೇಲ್ಮೈ ಕೂಡಿಕೊಂಡಂತೆ ಕಂಡರೂ ಪಿನ್ನಿಗೂ ಸೋಲ್ಡರಿಗೂ ನಡುವಿನ ಹಿಡಿತ ಮರಳಿ ಬಂದಿರುವುದಿಲ್ಲ. ಸರಿಯಾದ ಕ್ರಮವೆಂದರೆ ಮೊದಲು ಫ್ಲಕ್ಸ್ ಹಚ್ಚಿ, ಸ್ವಲ್ಪ ಹೊಸ ಸೋಲ್ಡರ್ ಬೆರೆಸಿ ಹಳೆಯದು ಸಲೀಸಾಗಿ ಹರಿಯುವಂತೆ ಮಾಡಿ, ಪಂಪ್ ಅಥವಾ ತಾಮ್ರದ ಹೆಣಿಗೆಯಿಂದ ಅದನ್ನೆಲ್ಲ ಹೀರಿ ತೆಗೆದು, ಪಿನ್ ಮತ್ತು ಪ್ಯಾಡ್ (ಪಿನ್ ಬೆಸೆದುಕೊಳ್ಳುವ ಬೋರ್ಡಿನ ತಾಮ್ರದ ಬಿಲ್ಲೆ) ಎರಡನ್ನೂ ಒರೆಸಿ, ಆಮೇಲೆ ಹೊಸದಾಗಿ ಬೆಸುಗೆ ಹಾಕುವುದು. ಫ್ಲಕ್ಸ್ ರಾಳದ್ದಾಗಿರಲಿ, ನೀರಿನ ಕೊಳವೆ ಬೆಸೆಯಲು ಬಳಸುವ ಆಮ್ಲೀಯ ಫ್ಲಕ್ಸ್ ಬೋರ್ಡಿನ ತಾಮ್ರವನ್ನು ತಿಂದುಹಾಕುತ್ತದೆ.

ಸೀಸವಿರುವ ಸೋಲ್ಡರಿಗೆ ಐರನ್ ತುದಿಯ ತಾಪ 320ರಿಂದ 350 ಡಿಗ್ರಿ, ಸೀಸರಹಿತಕ್ಕೆ 350ರಿಂದ 380 ಡಿಗ್ರಿ ಇದ್ದರೆ ಸಾಕು. ಸೂಜಿಯಂಥ ತುದಿ ನೋಡಲು ಸೂಕ್ಷ್ಮ ಕೆಲಸಕ್ಕೆ ಹೇಳಿಮಾಡಿಸಿದಂತಿದ್ದರೂ ಶಾಖವನ್ನು ಸರಿಯಾಗಿ ದಾಟಿಸುವುದಿಲ್ಲ, ಉಳಿಯಂತೆ ಚಪ್ಪಟೆಯಾದ ತುದಿಯೇ ಮೇಲು. ತುದಿ ಪಿನ್ನಿಗೂ ಪ್ಯಾಡಿಗೂ ಏಕಕಾಲದಲ್ಲಿ ತಾಗಿರಬೇಕು, ಸೋಲ್ಡರನ್ನು ಐರನ್ನಿಗಲ್ಲದೆ ಎದುರು ಬದಿಯ ಲೋಹಕ್ಕೆ ಮುಟ್ಟಿಸಬೇಕು. ಎರಡು ಮೂರು ಸೆಕೆಂಡುಗಳಲ್ಲಿ ಅದು ತಾನೇ ಹರಿದು ರಂಧ್ರದೊಳಕ್ಕೆ ಇಳಿಯಬೇಕು. ಇಳಿಯದಿದ್ದರೆ, ಪಿನ್ನು ಅಗಲವಾದ ಅರ್ಥ್ ತಾಮ್ರಕ್ಕೆ ಕೂಡಿಕೊಂಡಿದ್ದು ಶಾಖವೆಲ್ಲ ಅತ್ತ ಹರಿಯುತ್ತಿದೆ ಎಂದರ್ಥ. ಆಗ ಐರನ್ನಿನ ತಾಪ ಏರಿಸಿದರೆ ಪ್ಯಾಡ್ ಕಿತ್ತುಬರುವುದೇ ಹೊರತು ಪ್ರಯೋಜನವಿಲ್ಲ. ಬೋರ್ಡನ್ನು ಕೆಳಗಿನಿಂದ ಸುಮಾರು 100 ಡಿಗ್ರಿಗೆ ಕಾಯಿಸಿಕೊಂಡು, ದಪ್ಪ ತುದಿಯಿಂದ ಕೆಲಸ ಮುಂದುವರಿಸಬೇಕು. ಒಳ್ಳೆಯ ಬೆಸುಗೆಯ ಅಂಚು ಒಳಬಾಗಿ ಪ್ಯಾಡಿನವರೆಗೆ ಇಳಿದಿರುತ್ತದೆ. ಹೊಳಪನ್ನು ಮಾತ್ರ ಒರೆಗಲ್ಲಾಗಿ ಬಳಸಬೇಡಿ, ಸೀಸರಹಿತ ಬೆಸುಗೆ ಚೆನ್ನಾಗಿದ್ದರೂ ಮಂಕಾಗಿಯೇ ಕಾಣುತ್ತದೆ.

ಕೆಪಾಸಿಟರ್ ಮತ್ತು ಟ್ರ್ಯಾಕ್

ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನಿಂದ ಸೋರಿದ ದ್ರವ ಬೆಸುಗೆಯನ್ನು ಮಂಕಾಗಿಸಿ ಟ್ರ್ಯಾಕನ್ನು ಕೊರೆಯುತ್ತದೆ; ಅಲ್ಲಿ ಐರನ್ ಇಟ್ಟಾಗ ಏಳುವ ಮೀನಿನಂಥ ವಾಸನೆಯೇ ಅದರ ಗುರುತು. ಹೊಸ ಕೆಪಾಸಿಟರಿನ ಧಾರಕತೆ ಅಷ್ಟೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚಿರಲಿ, ತಾಪಮಿತಿ ಕನಿಷ್ಠ 105 ಡಿಗ್ರಿ ಇರಲಿ. ಸೆರಾಮಿಕ್ ಕೆಪಾಸಿಟರ್ ಬೇರೆಯೇ ಬಗೆಯಲ್ಲಿ ಕೆಡುತ್ತದೆ: ಬೋರ್ಡ್ ಬಾಗಿದಾಗ ಒಳಗೇ ಸೀಳಿ ಶಾರ್ಟ್ ಆಗುತ್ತದೆ. ಅಂಟಿಕೊಂಡ ಪೆಟ್ಟಿಗೆಯಿಂದ ಬೋರ್ಡನ್ನು ಮೀಟಿ ಎಬ್ಬಿಸುವವರು ಇದನ್ನು ನೆನಪಿಡಬೇಕು.

ಟ್ರ್ಯಾಕ್ ಕಡಿದಿದ್ದರೆ ಎರಡೂ ಬದಿ ಕೆರೆದು, ಸೋಲ್ಡರ್ ಲೇಪಿಸಿ, ಮೇಲೆ ತಂತಿ ಬೆಸೆಯಬೇಕು. ಸಾಮಾನ್ಯ ಬೋರ್ಡಿನ ತಾಮ್ರದ ದಪ್ಪ 35 ಮೈಕ್ರಾನ್ ಅಷ್ಟೇ. ಕಡಿದ ಜಾಗವನ್ನು ಬರಿಯ ಸೋಲ್ಡರಿನ ಸೇತುವೆಯಿಂದ ಮುಚ್ಚಿದರೆ ಅದು ಕಂಪನಕ್ಕೆ ಮತ್ತೆ ಬಿಡುತ್ತದೆ.

ಐರನ್ನಿಗೆ ಬಗ್ಗದ ಕೆಲಸಗಳು

ಕೆಲವು ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಮತ್ತು ಎಂಜಿನ್ ಘಟಕಗಳಲ್ಲಿ ಸೆರಾಮಿಕ್ ತಟ್ಟೆಯ ಮೇಲೆ ಜೆಲ್ ಹೊದಿಸಿ, ಕೂದಲಿನಂಥ ಅಲ್ಯೂಮಿನಿಯಂ ತಂತಿಗಳಿಂದ ಸಂಪರ್ಕ ಕೊಟ್ಟಿರುತ್ತಾರೆ. ಅಲ್ಯೂಮಿನಿಯಂ ಮೇಲೆ ಸಾಮಾನ್ಯ ಸೋಲ್ಡರ್ ಹಿಡಿಯುವುದಿಲ್ಲ. ಆ ತಂತಿ ಬಿಟ್ಟಿದ್ದರೆ ಶ್ರವಣಾತೀತ (ಅಲ್ಟ್ರಾಸಾನಿಕ್) ಕಂಪನದಿಂದ ಬೆಸೆಯುವ ಯಂತ್ರವೇ ಬೇಕು. ಏರ್‌ಬ್ಯಾಗ್ ಘಟಕವನ್ನು ಕಲಿಯುವವರು ಮುಟ್ಟಲೇಬಾರದು. ಏರ್‌ಬ್ಯಾಗನ್ನು ಉಬ್ಬಿಸಲು ಸಿಡಿಯುವ ಮದ್ದಿನ (ಸ್ಕ್ವಿಬ್) ತಂತಿಗಳಿಗೆ ಮಲ್ಟಿಮೀಟರಿನ ಓಮ್ ಪರೀಕ್ಷೆ ಮಾಡುವುದೂ ಅಪಾಯಕರ, ಏಕೆಂದರೆ ಮೀಟರಿನಿಂದ ಹರಿಯುವ ವಿದ್ಯುತ್ತೇ ಅದನ್ನು ಸಿಡಿಸಬಹುದು.

ಮರುಜೋಡಣೆ

ಬೆಸುಗೆ ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಫ್ಲಕ್ಸ್ ತೊಳೆದು ಒಣಗಿಸಿ, ಅಕ್ಕಪಕ್ಕದ ಪಿನ್ನುಗಳ ನಡುವೆ ಶಾರ್ಟ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮೊದಲ ಸಲ ನೇರವಾಗಿ ಕಾರಿನ ಬ್ಯಾಟರಿಗೆ ಜೋಡಿಸದೆ, ವಿದ್ಯುತ್ ಪ್ರವಾಹಕ್ಕೆ ಮಿತಿ ಹಾಕಬಹುದಾದ ಪವರ್ ಸಪ್ಲೈಯಿಂದ 12ರಿಂದ 14 ವೋಲ್ಟ್ ಕೊಡಿ. ಎಲ್ಲೋ ಶಾರ್ಟ್ ಉಳಿದಿದ್ದರೆ ಟ್ರ್ಯಾಕ್ ಸುಡುವ ಮೊದಲೇ ವೋಲ್ಟೇಜ್ ಕುಸಿದು ಎಚ್ಚರಿಸುತ್ತದೆ. ಹಿಂದೆ ದೋಷ ಕಾಣಿಸುತ್ತಿದ್ದ ತಾಪಕ್ಕೆ ಬಿಸಿ ಗಾಳಿಯಿಂದ ಕಾಯಿಸಿ, ತಣಿಸಿ, ಮತ್ತೆ ತಟ್ಟಿ ನೋಡಿ. ಸರಿಯಿದ್ದರೆ ಕೆರೆದ ಜಾಗಕ್ಕೆಲ್ಲ ಮತ್ತೆ ಲೇಪ ಹಚ್ಚಬೇಕು. ಪೆಟ್ಟಿಗೆ ಮುಚ್ಚಲು ಸೀಲೆಂಟ್ ಆರಿಸುವಾಗ ವಿನೆಗರ್ ವಾಸನೆಯ ಸಿಲಿಕೋನ್ ಬೇಡ. ಅದು ಗಟ್ಟಿಯಾಗುವಾಗ ಹೊರಬಿಡುವ ಅಸಿಟಿಕ್ ಆಮ್ಲ ಮುಚ್ಚಿದ ಪೆಟ್ಟಿಗೆಯೊಳಗೆ ತಾಮ್ರಕ್ಕೆ ಕಿಲುಬು ಹಿಡಿಸುತ್ತದೆ. ಘಟಕವನ್ನು ಕಾರಿಗೆ ಜೋಡಿಸಿದ ಮೇಲೆ ಹಾರ್ನೆಸ್ ತನ್ನ ಕ್ಲಿಪ್ಪಿನಲ್ಲಿ ಕುಳಿತು ಕನೆಕ್ಟರನ್ನು ಎಳೆಯದಂತೆ ನೋಡಿಕೊಂಡು, ಹಳೆಯ ದೋಷಸಂಕೇತಗಳನ್ನು ಅಳಿಸಿ, ಎಂಜಿನ್ ಪೂರ್ತಿ ಕಾಯುವವರೆಗೆ ಓಡಿಸಿ, ಅದೇ ಸಂಕೇತ ಮರಳುತ್ತದೆಯೇ ಎಂದು ಮತ್ತೊಮ್ಮೆ ಓದಬೇಕು.